ಹಳೇ ಫೋಟೋ ನೋಡಿ ಮನೆ ರೂಪಿಸುವುದು: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಈಗ ಮನೆ ಕಟ್ಟಲು ಹೊರಟವರ ಮೊಬೈಲ್ ತೆರೆದರೆ ಬಾಲಿಯ ರೆಸಾರ್ಟು, ವಯನಾಡಿನ ಹೋಂಸ್ಟೇ, ಎಲ್ಲಿಯದೋ ಗಾಜಿನ ಬಾಲ್ಕನಿ ಅಂತ ನೂರಾರು ಚಿತ್ರ ಸಿಗುತ್ತವೆ. ಅದೇ ಮನೆಯ ಅಟ್ಟದಲ್ಲಿ, ತಗಡಿನ ಟ್ರಂಕಿನೊಳಗೆ ತಾತನ ಕಾಲದ ನಾಲ್ಕು ಫೋಟೋ ಗೆದ್ದಲಿನ ದಾರಿ ಕಾಯುತ್ತಿರುತ್ತವೆ. ಆ ನೂರರಲ್ಲಿ ಸಿಗದ ಸಂಗತಿ ಈ ನಾಲ್ಕರಲ್ಲಿದೆ. ಬಾಲಿಯ ಮನೆಗೆ ಮಡಿಕೇರಿಯ ಮಳೆ ಗೊತ್ತಿಲ್ಲ, ಅಷ್ಟೇ ವಿಷಯ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ ಜಗಲಿ ಎಷ್ಟು ಅಗಲ ಇರಬೇಕು, ಮಾಡು (ಮನೆಯ ಚಾವಣಿ) ಎಷ್ಟು ಇಳಿಯಬೇಕು, ಒದ್ದೆ ಚಪ್ಪಲಿ ಎಲ್ಲಿ ಬಿಡಬೇಕು ಅನ್ನುವುದನ್ನೆಲ್ಲ ನಮ್ಮ ಹಿರಿಯರು ಒಮ್ಮೆ ಯೋಚಿಸಿ ಮುಗಿಸಿದ್ದರು. ಫೋಟೋದಲ್ಲಿ ಉಳಿದಿರುವುದು ಆ ಯೋಚನೆ.

ಹಾಗಾಗಿ ಕಂದು ಬಣ್ಣದ ಫಿಲ್ಟರ್ ಹಾಕಿ ಗೋಡೆಗೆ ತೂಗುಹಾಕುವ ‘ವಿಂಟೇಜ್ ಲುಕ್’ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಫೋಟೋ ಹುಡುಕುವುದು, ನಕಲು ತೆಗೆಯುವುದು, ಕಾಲ ಗುರುತಿಸುವುದು, ಓದುವುದು, ಅದರಿಂದ ಬಣ್ಣ ಮತ್ತು ಅಳತೆ ತೆಗೆಯುವುದು, ಕೊನೆಗೆ ಬಡಗಿಗೂ ಮೇಸ್ತ್ರಿಗೂ ಅರ್ಥವಾಗುವ ಹಾಗೆ ದಾಟಿಸುವುದು ಈ ಬರಹದ ದಾರಿ.

1. ಫೋಟೋ ಎಲ್ಲಿ ಹುಡುಕಬೇಕು

ಮೊದಲು ಮನೆಯವರದ್ದೇ. ಕೈಲ್ ಪೊಳ್ದ್, ಪುತ್ತರಿ, ಕಾವೇರಿ ಸಂಕ್ರಮಣಕ್ಕೆ ಒಕ್ಕದವರೆಲ್ಲ (ಒಂದೇ ಮನೆತನದವರೆಲ್ಲ) ಸೇರುವಾಗ ಕೇಳುವುದು ಒಳ್ಳೆಯದು. ಫೋನಿನಲ್ಲಿ ಕೇಳಿದರೆ ‘ಏನೂ ಇಲ್ಲ’ ಅನ್ನುವ ದೊಡ್ಡಮ್ಮ, ಎದುರಿಗೆ ಕೂತು ಕಾಫಿ ಕುಡಿಯುವಾಗ ಬೀರು ತೆಗೆಯುತ್ತಾರೆ. ಮದುವೆಯ ಆಲ್ಬಂ, ಪಟ್ಟಾಳಂನಿಂದ (ಸೈನ್ಯದಿಂದ) ರಜೆಗೆ ಬಂದವರು ತೆಗೆಸಿದ ಗ್ರೂಪ್ ಫೋಟೋ, ಶಾಲೆಯ ವಾರ್ಷಿಕೋತ್ಸವ, ನಾಯಿ ಜೊತೆ ನಿಂತ ಮಗು, ಯಾವುದನ್ನೂ ಬೇಡ ಅನ್ನಬೇಡಿ. ಕೇಳುವಾಗ ಒಂದು ಮಾತು ಸೇರಿಸಿ: ‘ಚೆನ್ನಾಗಿ ಬರದೇ ಇದ್ದದ್ದನ್ನೂ ಕೊಡಿ.’ ತಲೆ ಕತ್ತರಿಸಿಹೋದ, ಯಾರೋ ಅಲುಗಾಡಿ ಮಸುಕಾದ ಫೋಟೋಗಳಲ್ಲೇ ಗೋಡೆ, ಬಾಗಿಲು, ಹಿತ್ತಲು ಧಾರಾಳವಾಗಿ ಕಾಣುತ್ತವೆ. ಚೆನ್ನಾಗಿ ಬಂದ ಫೋಟೋದಲ್ಲಿ ಬರೀ ಮುಖಗಳು.

ಸ್ಟುಡಿಯೋ ಫೋಟೋ ಸಿಕ್ಕರೆ ಸ್ವಲ್ಪ ಜಾಗ್ರತೆ. ಹಿಂದೆ ಕಾಣುವ ಕಮಾನು, ಮೆಟ್ಟಿಲು, ಕೊಳ ಎಲ್ಲ ಬಟ್ಟೆಯ ಮೇಲೆ ಬರೆದ ಪರದೆ. ಅದನ್ನು ನೋಡಿ ‘ನಮ್ಮ ಮುತ್ತಜ್ಜನ ಬಂಗಲೆಯಲ್ಲಿ ಹೀಗೆ ಕಂಬ ಇತ್ತು’ ಎಂದು ಯಾರಾದರೂ ಹೇಳಿದರೆ ನಗಬೇಡಿ, ಆದರೆ ಎಂಜಿನಿಯರಿಗೂ ತೋರಿಸಬೇಡಿ.

ಮನೆಯಲ್ಲಿ ಸಿಗದಿದ್ದರೆ ಸಾರ್ವಜನಿಕ ಸಂಗ್ರಹಗಳಿವೆ. ಬಾಸೆಲ್ ಮಿಷನ್‌ನವರು 19ನೇ ಶತಮಾನದ ನಡುವಿನಲ್ಲೇ ಮಡಿಕೇರಿಗೂ ಆನಂದಪುರಕ್ಕೂ ಬಂದಿದ್ದರು. ಅವರ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಬಹಳಷ್ಟನ್ನು ಇಂಟರ್ನೆಟ್ಟಿನಲ್ಲೂ ನೋಡಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ವಸಾಹತು ಕಾಲದ ದಕ್ಷಿಣ ಭಾರತದ ಚಿತ್ರಸಂಗ್ರಹ ಇದೆ. ಹುಡುಕುವಾಗ ಈಗಿನ ಹೆಸರು ಹಾಕಿದರೆ ಸಿಗುವುದು ಕಡಿಮೆ. ಕೂರ್ಗ್, ಮರ್ಕಾರ ಎಂದು ಇಂಗ್ಲಿಷಿನ ಹಳೇ ಕಾಗುಣಿತದಲ್ಲಿ ಹುಡುಕಿ. ಜರ್ಮನ್ ಬರಹಗಳಲ್ಲಿ ಅದು ಕುರ್ಗ್, ಮೊದಲ ಅಕ್ಷರ ಕೆ.

ಕಣ್ಣಿಗೆ ಅಭ್ಯಾಸವಾಗಲು ನಿಂತಿರುವ ಕಟ್ಟಡಗಳನ್ನೂ ಒಮ್ಮೆ ಸುತ್ತಿ ಬನ್ನಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ. ಕಕ್ಕಬ್ಬೆ ಕಡೆಗೆ ಹೋದರೆ ನಾಲ್ಕುನಾಡು ಅರಮನೆ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು, ಹೆಸರಿಗೆ ಅರಮನೆಯಾದರೂ ಅಳತೆಯಲ್ಲಿ ದೊಡ್ಡದೊಂದು ಮನೆ. ಐನ್‌ಮನೆಗಳ (ಒಕ್ಕದ ಮೂಲ ಮನೆಗಳ) ಬಗ್ಗೆ ಬೊವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮಾಡಿದ ದಾಖಲಾತಿ ಕೆಲಸ ಸಿಕ್ಕರೆ ಬಿಡಬೇಡಿ. ನಿಮ್ಮ ಫೋಟೋದಲ್ಲಿ ಅರ್ಧ ಕಾಣುವ ಭಾಗ ಪೂರ್ತಿ ಹೇಗಿರುತ್ತದೆ ಎಂದು ಅಲ್ಲಿ ಹೋಲಿಸಿ ನೋಡಬಹುದು.

ಒಂದು ವಿಷಯ ನೆನಪಿರಲಿ. ಹಳೇ ಫೋಟೋಗಳಲ್ಲಿ ಕಾಣುವ ಕೊಡಗು, ಕ್ಯಾಮೆರಾ ಹತ್ತಿರ ಬಂದ ಕೊಡಗು. ತುಂಬಿದ ಐನ್‌ಮನೆ, ದೊರೆಗಳ ಬಂಗಲೆ, ಮಿಷನ್ ಶಾಲೆ ಸಿಕ್ಕಷ್ಟು ಸುಲಭವಾಗಿ ತೋಟದ ಕೂಲಿಗಳ ಲೈನ್ ಮನೆಯ ಒಳಗು, ಯರವ ಬುಡಕಟ್ಟಿನವರ ಹಾಡಿಯ ಗುಡಿಸಲು ಸಿಗುವುದಿಲ್ಲ. ಸಿಕ್ಕರೂ ಹೊರಗಿನವರು ದೂರ ನಿಂತು ತೆಗೆದದ್ದು. ಚಿಕ್ಕ ಜಾಗದಲ್ಲಿ ಬದುಕು ಹೊಂದಿಸುವ ಜಾಣತನ ಅಲ್ಲೇ ಹೆಚ್ಚಿತ್ತು. ಅದಕ್ಕೆ ಫೋಟೋ ಸಾಲದು, ಹಿರಿಯರ ಬಾಯಿಂದ ಕೇಳಬೇಕು.

2. ಮುಟ್ಟುವ ಮೊದಲು, ನಕಲು ತೆಗೆಯುವಾಗ

ನಮ್ಮ ಮಳೆಗಾಲ ಫೋಟೋಗಳ ಶತ್ರು. ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಎಳೆಯಲೇಬೇಡಿ. ಚಿತ್ರದ ಪದರ ಗಾಜಿನ ಜೊತೆ ಕಿತ್ತುಬರುತ್ತದೆ. ಗಾಜಿನ ಸಮೇತ ನಕಲು ತೆಗೆಯಿರಿ. ಬೂಸ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬಿಸಿಲಿನ ನೇರಕ್ಕೆ ಇಡದೆ, ಒಣಗಿದ ದಿನ ಗಾಳಿಯಾಡುವ ಕಡೆ ಇಟ್ಟು, ಮೆತ್ತನೆಯ ಬ್ರಶ್ಶಿನಿಂದ ಹೊರಮುಖವಾಗಿ ನಿಧಾನಕ್ಕೆ ಸವರಿ. ಮೂಗಿಗೆ ಮಾಸ್ಕ್ ಇರಲಿ. ಲ್ಯಾಮಿನೇಷನ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶಾಖ, ಅಂಟು, ಪ್ಲಾಸ್ಟಿಕ್ ಸೇರಿ ಮೂಲ ಪ್ರತಿಯನ್ನು ಸರಿಪಡಿಸಲಾಗದ ಹಾಗೆ ಮಾಡುತ್ತವೆ.

ಸ್ಕ್ಯಾನರ್ ಸಿಕ್ಕರೆ ಪೋಸ್ಟ್‌ಕಾರ್ಡ್ ಗಾತ್ರದ ಫೋಟೋಗೆ 600 ಡಿಪಿಐ ಸಾಕು, ಅದಕ್ಕಿಂತ ಚಿಕ್ಕದಾದರೆ 1200 ಇಡಿ. ಬಣ್ಣದ ಮೋಡಿನಲ್ಲೇ ತೆಗೆಯಿರಿ, ಕಪ್ಪು ಬಿಳುಪು ಫೋಟೋವನ್ನೂ. ಕಾಗದದ ಹಳದಿ, ಕಲೆ, ಪೆನ್ಸಿಲ್ ಗುರುತು ಆಮೇಲೆ ಉಪಯೋಗಕ್ಕೆ ಬರುತ್ತವೆ. ಟಿಫ್ ಫೈಲ್ ಒಂದು ಇಟ್ಟುಕೊಂಡು ಕೆಲಸಕ್ಕೆ ಜೆಪೆಗ್ ಬಳಸಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಯಾರೋ ಬರೆದ ತಾರೀಕು, ಅಂಟಿದ ಆಲ್ಬಂ ಕಾಗದದ ಚೂರು ಎಲ್ಲವೂ ಅಲ್ಲೇ ಇರುತ್ತದೆ.

ಮೊಬೈಲಿನಲ್ಲೇ ತೆಗೆಯುವುದಾದರೆ ಫ್ಲಾಶ್ ಬೇಡ. ಮೋಡ ಮುಚ್ಚಿದ ದಿನ ಜಗಲಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಫೋಟೋ ಇಟ್ಟು, ಫೋನನ್ನು ನೇರ ಮೇಲೆ ಹಿಡಿದು, ನಾಲ್ಕು ಅಂಚೂ ಚೌಕಟ್ಟಿಗೆ ಸಮವಾಗಿ ಬರುವ ಹಾಗೆ ತೆಗೆಯಿರಿ. ಈ ಒಂದು ಕೆಲಸಕ್ಕೆ ಕೊಡಗಿನ ಜುಲೈ ಬಹಳ ಒಳ್ಳೆಯದು. ಗಾಜು ಹೊಳೆದರೆ ಫೋನಿನ ಸುತ್ತ ಕಪ್ಪು ಕಾಗದ ಹಿಡಿಯಿರಿ. ನೆಗೆಟಿವ್ ಸಿಕ್ಕರೆ ಇನ್ನೊಂದು ಫೋನಿನ ಬಿಳಿ ಪರದೆಯಿಂದ ಸ್ವಲ್ಪ ಎತ್ತರದಲ್ಲಿ ಹಿಡಿದು ಫೋಟೋ ತೆಗೆದು, ಎಡಿಟಿಂಗ್ ಆ್ಯಪಿನಲ್ಲಿ ಬಣ್ಣ ತಿರುಗಿಸಿ.

ಈಗಿನ ಎಐ ಆ್ಯಪುಗಳ ಬಗ್ಗೆ ಒಂದು ಎಚ್ಚರಿಕೆ. ಮಸುಕಾದ ಮುಖವನ್ನು ಚೂಪು ಮಾಡುವ ಆ್ಯಪು, ಮಸುಕಾದ ಬಾಗಿಲ ಕೆತ್ತನೆಯನ್ನೂ ಚೂಪು ಮಾಡುತ್ತದೆ. ಇಲ್ಲದ ಹೂವು ಬಳ್ಳಿ ತಾನೇ ಬರೆಯುತ್ತದೆ. ಅಜ್ಜಿಗೆ ತೋರಿಸಿ ಖುಷಿಪಡಿಸಲು ಪರವಾಗಿಲ್ಲ. ವಿನ್ಯಾಸಕ್ಕೆ ಮೂಲ ಸ್ಕ್ಯಾನನ್ನೇ ನೋಡಿ.

3. ಯಾವ ಕಾಲದ್ದು?

ತಾರೀಕು ನಿಖರವಾಗಿ ಬೇಕಿಲ್ಲ, ಸುಮಾರು ಗೊತ್ತಿದ್ದರೆ ಸಾಕು. ತೆಳು ಕಾಗದ, ದಪ್ಪ ರಟ್ಟಿಗೆ ಅಂಟಿಸಿದ್ದು, ಬಿಳುಪು ಇರಬೇಕಾದ ಕಡೆ ಹಳದಿ ಕಂದು ತಿರುಗಿದ್ದರೆ ಅದು ಬಹುಶಃ ಮೊಟ್ಟೆಯ ಬಿಳಿಯಿಂದ ಮಾಡುವ ಆಲ್ಬುಮೆನ್ ಪ್ರಿಂಟ್, 19ನೇ ಶತಮಾನದ್ದು. ಬೂದು ಕಪ್ಪಿನ, ಅಂಚಿನಲ್ಲಿ ಬೆಳ್ಳಿಯಂತೆ ಹೊಳೆಯುವ ಪ್ರಿಂಟ್ ಜೆಲಟಿನ್ ಸಿಲ್ವರ್, 20ನೇ ಶತಮಾನದ ಹೆಚ್ಚಿನವು ಇವೇ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದರೆ ಹೆಚ್ಚಾಗಿ 1930ರಿಂದ 60ರ ನಡುವಿನದು. ಬಣ್ಣದ ಫೋಟೋ ಕೆಂಪಾಗಿ ತಿರುಗಿದ್ದರೆ 1970ರ ದಶಕದ ಸುತ್ತಿನದು ಇರಬಹುದು. ಆ ಕಾಲದ ಕಾಗದದಲ್ಲಿ ಹಸಿರು ನೀಲಿ ಕೊಡುವ ಬಣ್ಣ ಮೊದಲು ಮಾಸಿಹೋಗುತ್ತದೆ.

ಮನೆಯೂ ಸುಳಿವು ಕೊಡುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಮಾಡಿನ ಮೇಲೆ ಮಂಗಳೂರು ಹಂಚು ಇದ್ದರೆ ಫೋಟೋ ಅದಕ್ಕಿಂತ ಈಚಿನದು, ಅದಕ್ಕೆ ಮೊದಲು ನಮ್ಮ ಮನೆಗಳಿಗೆ ಹುಲ್ಲಿನ ಮಾಡು ಹೆಚ್ಚು. ಹುಲ್ಲು ಇಳಿಸಿ ಹಂಚು ಹಾಕಿದ ಮನೆಯಲ್ಲಿ ಮಾಡಿನ ಇಳಿಜಾರು, ಗೋಡೆಯ ಎತ್ತರ ಹಳೆಯದೇ ಉಳಿದಿರಬಹುದು, ಗಮನಿಸಿ ನೋಡಿ. ಗೋಡೆಯಲ್ಲಿ ಕರೆಂಟ್ ವೈರಿನ ಮರದ ಪಟ್ಟಿ, ಕಿಟಕಿಗೆ ಕಬ್ಬಿಣದ ಸರಳು, ಅಂಗಳದಲ್ಲಿ ಜೀಪು, ಇವೆಲ್ಲ ಕಾಲವನ್ನು ಇನ್ನೂ ಹತ್ತಿರ ತರುತ್ತವೆ.

ಚಿತ್ರ ಎಡಬಲ ತಿರುಗಿಲ್ಲ ತಾನೇ ಎಂದೂ ನೋಡಿ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದರೆ ಮನೆಯ ನಕ್ಷೆಯೇ ಕನ್ನಡಿಯ ಬಿಂಬವಾಗುತ್ತದೆ. ಬೋರ್ಡಿನ ಅಕ್ಷರ, ಕೋಟಿನ ಗುಂಡಿ ನೋಡಬಹುದು. ಕೊಡವ ರೀತಿಯಲ್ಲಿ ಸೀರೆ ಉಟ್ಟ ಹೆಂಗಸರಿದ್ದರೆ ಸೆರಗು ಬಲ ಹೆಗಲಿನ ಮೇಲಿರಬೇಕು. ಎಲ್ಲರದ್ದೂ ಎಡಕ್ಕಿದ್ದರೆ ಅನುಮಾನಪಡಿ.

4. ಓದುವುದು

ಇಲ್ಲಿ ಸಮಯ ಕೊಡಿ, ಮಿಕ್ಕಿದ್ದೆಲ್ಲ ಸುಲಭ. ಫೋಟೋವನ್ನು ಎ3 ಗಾತ್ರಕ್ಕೆ ಪ್ರಿಂಟ್ ಹಾಕಿಸಿ. ಮುಖಗಳ ಮೇಲೆ ಸಣ್ಣ ಕಾಗದದ ತುಂಡು ಇಟ್ಟು ಮುಚ್ಚಿ. ವಿಚಿತ್ರ ಅನ್ನಿಸಬಹುದು, ಆದರೆ ಮುಖ ಕಾಣುತ್ತಿರುವವರೆಗೆ ನಮ್ಮ ಕಣ್ಣು ಬೇರೆ ಕಡೆ ಹೋಗುವುದಿಲ್ಲ; ‘ಇದು ಚಿಕ್ಕಪ್ಪ, ಇದು ಯಾರು?’ ಎಂದು ಸಂಜೆ ಮುಗಿಯುತ್ತದೆ. ಮುಚ್ಚಿದ ಮೇಲೆ ನೋಡಿ: ಮನೆ ಮುಂದೆ ಬರುತ್ತದೆ.

ಕೈಯಾಲೆಯಿಂದ ಶುರುಮಾಡಿ. ಐನ್‌ಮನೆಯ ಮುಂದಿನ ಈ ಜಗಲಿಯಲ್ಲಿ ಕಂಬಗಳ ನಡುವೆ ಹಾಯಿಸಿದ ಅಗಲದ ಹಲಗೆಯೇ ಐಮರ. ಹಿರಿಯರು ಕೂರುವ ಜಾಗ ಅದು. ಆದ್ದರಿಂದ ಗ್ರೂಪ್ ಫೋಟೋಗಳಲ್ಲಿ ಅಜ್ಜ ಅಲ್ಲೇ ಇರುತ್ತಾರೆ. ಈಗ ಪ್ರಶ್ನೆ ಹಾಕಿಕೊಳ್ಳಿ. ಕೂತವರ ಕಾಲು ನೆಲಕ್ಕೆ ಮುಟ್ಟುತ್ತಿದೆಯೇ, ಮೆಟ್ಟಿಲ ಮೇಲಿದೆಯೇ? ಬೆನ್ನು ಕಂಬಕ್ಕೆ ಒರಗಿದೆಯೇ? ಹಲಗೆಯ ಮೇಲೆ ಕಾಲು ಮಡಚಿ ಕೂರುವಷ್ಟು ಅಗಲ ಇದೆಯೇ? ಕೂತವರು ಅಂಗಳಕ್ಕೂ ಕಾಣುತ್ತಾರೆ, ಒಳಗಿನವರಿಗೂ ಕೇಳಿಸುತ್ತಾರೆ. ಬಂದವರನ್ನು ಒಳಗೆ ಕರೆಯುವ ಮೊದಲು ಅರ್ಧ ಗಂಟೆ ಮಾತಾಡಿಸುವ ಜಾಗ ಅದು. ಈಗಿನ ಸಿಟ್‌ಔಟಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಬಾಗಿಲಿಗೆ ಅಡ್ಡ ಇರುತ್ತವೆ, ಯಾರೂ ಕೂರುವುದಿಲ್ಲ. ಹಲಗೆ ತೇಗದ್ದೋ ಹಲಸಿನದ್ದೋ ಎಂಬುದಕ್ಕಿಂತ ಕಂಬಕ್ಕೂ ಕೂರುವ ಜಾಗಕ್ಕೂ ಇದ್ದ ಆ ನಂಟು ನಮಗೆ ಬೇಕು.

ಆಮೇಲೆ ಮಾಡು. ಪೆನ್ಸಿಲ್ ತೆಗೆದುಕೊಂಡು ಮೂರು ಗೆರೆ ಎಳೆಯಿರಿ: ನೆಲ, ಮಾಡಿನ ಕೆಳ ಅಂಚು, ಮಾಡಿನ ತುದಿ. ಹಳೇ ಮನೆಗಳಲ್ಲಿ ಕಾಣುವ ಗೋಡೆಗಿಂತ ಮಾಡಿನ ಪಾಲು ಎಷ್ಟು ದೊಡ್ಡದು ಎಂದು ಗೊತ್ತಾದಾಗ ಹೆಚ್ಚಿನವರು ಬೆಚ್ಚುತ್ತಾರೆ. ಮಾಡಿನ ಅಂಚು ತಲೆಗೆ ತಾಗುವಷ್ಟು ಕೆಳಗೆ ಬಂದಿರುತ್ತದೆ, ಜಗಲಿ ಅದರಡಿಯಲ್ಲಿ ಕತ್ತಲಾಗಿರುತ್ತದೆ. ಹೊಸ ಮನೆಗೆ ‘ಕೊಡಗಿನ ಶೈಲಿ’ ಎಂದು ಹಂಚು ಹೊದೆಸಿದರೂ ಯಾಕೆ ಹಾಗೆ ಕಾಣುವುದಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಗೋಡೆ ಎತ್ತರ ಹತ್ತು ಅಡಿ ಏರಿಸಿ ಮೇಲೆ ಟೋಪಿಯ ಹಾಗೆ ಚಿಕ್ಕ ಮಾಡು ಕೂರಿಸಿರುತ್ತೇವೆ.

ಈಗ ಮಳೆ. ಇಲ್ಲಿ ಫೋಟೋಗಳು ಮೋಸ ಮಾಡುತ್ತವೆ. ಪುತ್ತರಿ ಕಳೆದು ಆಕಾಶ ತಿಳಿಯಾದ ಮೇಲೆ, ಮದುವೆಯ ಕಾಲದಲ್ಲಿ ತೆಗೆದ ಚಿತ್ರಗಳೇ ಹೆಚ್ಚು. ಜುಲೈಯಲ್ಲಿ ಕ್ಯಾಮೆರಾ ಹೊರಗೆ ಬರುತ್ತಿರಲಿಲ್ಲ. ಹಾಗಾಗಿ ಮಳೆಯನ್ನು ಅದರ ಗುರುತಿನಿಂದ ಓದಬೇಕು. ಗೋಡೆಯ ಬುಡದಲ್ಲಿ ಕೆಸರು ಸಿಡಿದ ಕಪ್ಪು ಪಟ್ಟಿ ಎಷ್ಟು ಎತ್ತರಕ್ಕೆ ಹೋಗಿದೆ? ಯಾವ ಮೂಲೆಯಲ್ಲಿ ಪಾಚಿ? ಮೆಟ್ಟಿಲ ಯಾವ ಬದಿ ಹೆಚ್ಚು ಸವೆದಿದೆ? ಮಾಡಿನ ನೀರು ಬೀಳುವ ಸಾಲಿನಲ್ಲಿ ಅಂಗಳಕ್ಕೆ ಕಲ್ಲು ಹಾಸಿದೆಯೇ? ಜಂತಿಯಲ್ಲಿ ಮಳೆಗಾಲದ ತಟ್ಟಿ ಕಟ್ಟುವ ಮೊಳೆ, ಹಗ್ಗದ ತುಂಡು ಇದೆಯೇ? ಸಿಡಿತದ ಪಟ್ಟಿ ಮೊಣಕಾಲಿನವರೆಗೆ ಇದ್ದರೆ ಆ ಮನೆಯ ಮಾಡು ಸಾಕಷ್ಟು ಮುಂದೆ ಬಂದಿರಲಿಲ್ಲ ಎಂದರ್ಥ. ಹಿರಿಯರು ಮಾಡಿದ್ದೆಲ್ಲ ಸರಿ ಎಂದೇನಿಲ್ಲ, ಫೋಟೋ ಅದನ್ನೂ ಹೇಳುತ್ತದೆ.

ಮನೆ ಕೂತ ಜಾಗವನ್ನು ದೂರದಿಂದ ತೆಗೆದ ಚಿತ್ರಗಳಲ್ಲಿ ನೋಡಿ. ಎರಡು ಬದಿ ಮಣ್ಣಿನ ಗೋಡೆಯ ನಡುವೆ ಬರುವ ಓಣಿ, ಅದು ನೇರ ಬಾಗಿಲಿಗೆ ಬರದೆ ತಿರುಗುವ ರೀತಿ, ಮುಂದೆ ಕಳ, ಕೆಳಗೆ ಗದ್ದೆ, ಹಿಂದೆ ಮರ. ಬೆಟ್ಟದ ಇಳಿಜಾರಿಗೆ ಮನೆ ಹೊಂದಿಕೊಂಡಿತ್ತೋ, ಮನೆಗೆ ಬೆಟ್ಟ ಹೊಂದಿಕೊಳ್ಳಬೇಕಾಯಿತೋ? 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಈ ಪ್ರಶ್ನೆಯ ತೂಕ ವಿವರಿಸಬೇಕಿಲ್ಲ. ಜೆಸಿಬಿ ಕರೆಸುವ ಮೊದಲು ಹಳೇ ಮನೆ ಯಾವ ಮಟ್ಟದಲ್ಲಿ ಇತ್ತು, ನೀರು ಯಾವ ದಾರಿ ಹರಿಯುತ್ತಿತ್ತು ಎಂದು ಫೋಟೋದಲ್ಲಿ ಹುಡುಕುವುದು ಅಲಂಕಾರದ ಕೆಲಸವಲ್ಲ.

ನೆರಳನ್ನು ಬಳಸಿ ದಿಕ್ಕು ಗುರುತಿಸಬಹುದು. ಐನ್‌ಮನೆಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಮುಂಭಾಗಕ್ಕೆ ನೇರ ಬಿಸಿಲು ಬಿದ್ದಿದ್ದರೆ ಫೋಟೋ ಬೆಳಗಿನದು. ಬಿಸಿಲು ಜಗಲಿಯಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ, ಒಳಬಾಗಿಲು ಎಷ್ಟು ಕಪ್ಪಾಗಿದೆ ಎಂದು ಗುರುತು ಹಾಕಿ.

ಒಳಮನೆಯ ಫೋಟೋಗಳು ಮಾತ್ರ ಅಪರೂಪ. ಆ ಕಾಲದ ಗಾಜಿನ ಪ್ಲೇಟು, ಫಿಲ್ಮುಗಳಿಗೆ ಬೆಳಕು ಹೆಚ್ಚು ಬೇಕಿತ್ತು; ನೆಲ್ಲಕ್ಕಿ ನಡುಬಾಡೆಯ (ದೀಪವಿಡುವ ನಡುಮನೆಯ) ಮಂದ ಬೆಳಕು ಸಾಲುತ್ತಿರಲಿಲ್ಲ. ಅದಕ್ಕಾಗಿ ಕುರ್ಚಿ, ಟೀಪಾಯಿ, ಜಮಖಾನ ಎಲ್ಲ ಅಂಗಳಕ್ಕೆ ಹೊತ್ತು ತಂದು ಫೋಟೋ ತೆಗೆಸುತ್ತಿದ್ದರು. ಜಗಲಿಯಲ್ಲಿ ಜಮಖಾನ ಹಾಸುತ್ತಿದ್ದರು ಎಂದು ಇದರಿಂದ ತೀರ್ಮಾನಿಸಬೇಡಿ. ಆದರೆ ಅದರಿಂದ ಒಂದು ಲಾಭವೂ ಇದೆ: ಒಳಗೆ ಯಾವ ಪೀಠೋಪಕರಣ ಇತ್ತು ಎಂಬುದು ಹಗಲ ಬೆಳಕಿನಲ್ಲಿ ಸಿಗುತ್ತದೆ. ಬೆತ್ತದ ಹೆಣಿಗೆ, ತೋಳು ಉದ್ದನೆಯ ಪ್ಲಾಂಟರ್ ಕುರ್ಚಿ, ಕಡೆದ ಕಾಲಿನ ಸ್ಟೂಲು, ಇವನ್ನು ಬಡಗಿಗೆ ತೋರಿಸಬಹುದು.

5. ಕಪ್ಪು ಬಿಳುಪಿನಿಂದ ಬಣ್ಣ

ಬೂದು ಬಣ್ಣ ನೋಡಿ ಗೋಡೆಯ ಬಣ್ಣ ಊಹಿಸುವುದು ಅಪಾಯ. 19ನೇ ಶತಮಾನದ ಪ್ಲೇಟುಗಳಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಬಂದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಹಸಿರೂ ಕಂಡಿತು, ಕೆಂಪು ಕಾಣಲಿಲ್ಲ. ಎಲ್ಲ ಬಣ್ಣ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಸಾಮಾನ್ಯವಾಗಿದ್ದು 1920–30ರ ದಶಕದ ಈಚೆಗೆ.

ನಮ್ಮ ಮನೆಗಳಲ್ಲೇ ಇದಕ್ಕೆ ಪುರಾವೆ ಇದೆ. ಕೊಡವ ಗಂಡಸರ ಉದ್ದನೆಯ ಕುಪ್ಪಸ ಕಪ್ಪು, ಸೊಂಟಕ್ಕೆ ಕಟ್ಟುವ ಚೇಲೆ ಕೆಂಪು. ಹಳೇ ಫೋಟೋದಲ್ಲಿ ಎರಡೂ ಒಂದೇ ಕಪ್ಪಾಗಿ ಬೆರೆತು, ಚೇಲೆಯ ಜರಿ ಮಾತ್ರ ಕಾಣುವುದಿದೆ. ಅದೇ ಲೆಕ್ಕದಲ್ಲಿ ಕಾವಿ ನೆಲ, ಕೆಮ್ಮಣ್ಣಿನ ಗೋಡೆ ಇದ್ದದ್ದಕ್ಕಿಂತ ಕಪ್ಪಾಗಿ, ನೀಲಿ ಬೆರೆಸಿದ ಸುಣ್ಣದ ಗೋಡೆ ಬರೀ ಬಿಳಿಯಾಗಿ ಕಾಣುತ್ತದೆ. ಆಕಾಶ ಪೂರ್ತಿ ಬಿಳಿ ಇದ್ದರೆ ಮೋಡ ಇತ್ತೆಂದೂ ಹೇಳಲಾಗದು. ಬಣ್ಣ ತುಂಬುವ ಆ್ಯಪುಗಳು ಇದನ್ನು ಯಾವುದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಂಪು ನೆಲಕ್ಕೆ ಅಪಾರ್ಟ್‌ಮೆಂಟಿನ ಬೂದು ಟೈಲ್ಸ್ ಬಣ್ಣ ಬಳಿದು ಕೊಡುತ್ತವೆ.

ಹಾಗಾದರೆ? ಫೋಟೋದಲ್ಲಿ ಜಾಗ ಗುರುತಿಸಿ, ಬಣ್ಣವನ್ನು ಮನೆಯಲ್ಲಿ ಹುಡುಕಿ. ಹಳೇ ಮನೆ ಇನ್ನೂ ಇದ್ದರೆ ಹೊಸ ಪೇಂಟ್ ತಲುಪದ ಕಡೆಗಳಿವೆ: ಸ್ವಿಚ್‌ಬೋರ್ಡಿನ ಹಿಂದೆ, ಬಾಗಿಲ ತಿರುಗಣಿಯ ಅಡಿ, ತೂಗುಹಾಕಿದ ಫ್ರೇಮಿನ ಹಿಂಭಾಗ, ಅಟ್ಟಕ್ಕೆ ಹೋಗುವ ಕತ್ತಲ ಮೂಲೆ. ನಯವಾದ ಉಜ್ಜುಕಾಗದದಿಂದ ರೂಪಾಯಿ ನಾಣ್ಯದಷ್ಟು ಜಾಗ ಒದ್ದೆ ಮಾಡಿ ಮೆಲ್ಲಗೆ ಉಜ್ಜಿದರೆ ಒಂದೊಂದೇ ಪದರ ಉಂಗುರದಂತೆ ತೆರೆದುಕೊಳ್ಳುತ್ತದೆ. ಎಮಲ್ಷನ್ ಅಡಿಯಲ್ಲಿ ಡಿಸ್ಟೆಂಪರಿನ ಹಸಿರು, ಅದರಡಿ ನೀಲಿ ಸುಣ್ಣ, ಇನ್ನೂ ಕೆಳಗೆ ಹಳದಿ ಮಣ್ಣು. ಹಳೇ ಎಣ್ಣೆ ಪೇಂಟಿನಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಧೂಳು ಎಬ್ಬಿಸಬೇಡಿ, ಮಕ್ಕಳನ್ನು ದೂರ ಇಡಿ. ಆ ಪದರಗಳ ಪಕ್ಕ ಬಿಳಿ ಕಾಗದ ಹಿಡಿದು ಹಗಲಿನಲ್ಲಿ ಫೋಟೋ ತೆಗೆದು ಪೇಂಟ್ ಅಂಗಡಿಗೆ ಒಯ್ಯಿರಿ. ಸಾಧ್ಯವಾದರೆ ಶೇಡ್‌ಕಾರ್ಡನ್ನೇ ಮನೆಗೆ ತನ್ನಿ.

6. ಅಳತೆ ತೆಗೆಯುವ ಉಪಾಯ

ಫೋಟೋದಲ್ಲಿ ಗೊತ್ತಿರುವ ಅಳತೆಯ ವಸ್ತು ಒಂದಿದ್ದರೆ ಸಾಕು. ನಮಗೆ ಅದೃಷ್ಟಕ್ಕೆ ಮಂಗಳೂರು ಹಂಚಿದೆ. ಸಾಮಾನ್ಯ ಹಂಚು ಸುಮಾರು 16 ಇಂಚು ಉದ್ದ, 9ರಿಂದ 10 ಇಂಚು ಅಗಲ. ಒಂದರ ಮೇಲೊಂದು ಕೂತ ಮೇಲೆ ಹೊರಗೆ ಕಾಣುವ ಅಗಲ 8 ಇಂಚು ಆಸುಪಾಸು. ಮಾಡಿನ ಅಂಚಿನಲ್ಲಿ 60 ಹಂಚು ಎಣಿಸಿದರೆ 480 ಇಂಚು, ಅಂದರೆ ಮನೆಯ ಮುಂಭಾಗ ಮಾಡಿನ ಚಾಚು ಸೇರಿ ಸುಮಾರು 40 ಅಡಿ. ಕಾರ್ಖಾನೆಯಿಂದ ಕಾರ್ಖಾನೆಗೆ ವ್ಯತ್ಯಾಸ ಇರುತ್ತದೆ. ಹಿತ್ತಲಲ್ಲಿ ಬಿದ್ದ ಹಳೇ ಹಂಚು ಸಿಕ್ಕರೆ ಅದನ್ನೇ ಅಳೆದು ಲೆಕ್ಕ ಹಾಕಿ.

ಒಂದು ಷರತ್ತು: ಅಳೆಯಬೇಕಾದ ವಸ್ತು ಮತ್ತು ಅಳತೆ ಗೊತ್ತಿರುವ ವಸ್ತು ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ, ಅದಕ್ಕೆ ನೇರ ಎದುರಾಗಿ ಇರಬೇಕು. ಮುಂದೆ ನಿಂತ ಮಗುವಿನ ಎತ್ತರದಿಂದ ಹಿಂದಿನ ಬಾಗಿಲನ್ನು ಅಳೆದರೆ ಬಾಗಿಲು ಕುಳ್ಳಾಗುತ್ತದೆ. ಕಂಬದ ಪಕ್ಕದಲ್ಲೇ ನಿಂತವರಿಂದ ಕಂಬವನ್ನು ಅಳೆಯಬಹುದು. ಕೋನದಿಂದ ತೆಗೆದ ಚಿತ್ರವಾದರೆ ಇಂಚಿನ ಆಸೆ ಬಿಟ್ಟು ಅನುಪಾತ ಮಾತ್ರ ಬರೆದುಕೊಳ್ಳಿ: ಕಂಬದ ಅಗಲಕ್ಕೆ ಎತ್ತರ ಎಷ್ಟು ಪಟ್ಟು, ಬುಡಕ್ಕಿಂತ ತಲೆ ಎಷ್ಟು ಸಣ್ಣ, ಕಿಟಕಿಗೆ ಬಾಗಿಲು ಎಷ್ಟು ಪಟ್ಟು.

7. ಹೊಸ ಮನೆಗೆ ಇಳಿಸುವುದು

ಪ್ರತಿ ಫೋಟೋದಿಂದ ಮೂರು ಮಾತು ಮಾತ್ರ ಬರೆಯಿರಿ. ಮೂರೂ ಕ್ರಿಯಾಪದದಲ್ಲಿ ಮುಗಿಯಲಿ. ‘ಕೆತ್ತಿದ ಕಂಬ’ ಎಂದು ಬರೆದರೆ ಅದು ಅಂಗಡಿಯ ಪಟ್ಟಿ. ‘ಬಾಗಿಲಿಗೆ ಬರುವ ಮೊದಲು ಕೂರಬೇಕು’, ‘ನಡುಮನೆಗೆ ಬೆಳಕು ಮೇಲಿನಿಂದ ಬೀಳಬೇಕು’, ‘ಒದ್ದೆ ಕಾಲಿನವರು ಒಳಗೆ ಬಾರದೆ ಅಡುಗೆಮನೆ ತಲುಪಬೇಕು’ ಎಂದು ಬರೆದರೆ ಅದು ವಿನ್ಯಾಸ.

ಕುಶಾಲನಗರದ 30×40 ಸೈಟು ಅಂದುಕೊಳ್ಳಿ. ನಾಲ್ಕು ಕಡೆ ಕೋಣೆಯ ನಡುವೆ ತೆರೆದ ಅಂಗಳವಿರುವ ಮುಂದ್‌ಮನೆಯನ್ನು ಅಲ್ಲಿ ಕೂರಿಸಲು ಹೋದರೆ ಅಂಗಳವೂ ಉಳಿಯುವುದಿಲ್ಲ, ಕೋಣೆಯೂ ಉಳಿಯುವುದಿಲ್ಲ. ಆದರೆ ‘ಬೆಳಕು ಮೇಲಿನಿಂದ’ ಎಂಬ ಮಾತನ್ನು ಉಳಿಸಬಹುದು: ಮೆಟ್ಟಿಲಿನ ಮೇಲೆ ನಾಲ್ಕೈದು ಗಾಜಿನ ಹಂಚು ಹಾಕಿ, ಅದರ ಕೆಳಗೆ ಊಟದ ಮೇಜು ಬರಲಿ. ಮುಂದೆ ಎಂಟು ಅಡಿ ಅಗಲದ ಸಿಟ್‌ಔಟ್ ಇದ್ದರೆ ಎರಡು ಕಂಬದ ನಡುವೆ ಹಲಗೆ ಹಾಯಿಸಿ. ಎತ್ತರ 17 ಇಂಚು, ಅಗಲ ಕನಿಷ್ಠ 20. ಕಾಲು ಮಡಚಿ ಕೂರುವವರಿದ್ದರೆ 24. ಮಾಡು ಹಲಗೆಯ ಹೊರ ಅಂಚಿಗಿಂತ ಮೂರು ಅಡಿ ಮುಂದೆ ಬರಲಿ, ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಕೂರುವುದು ನೀರು ಮಾತ್ರ. ಹಂಚಿನ ಮಾಡಿಗೆ 30 ಡಿಗ್ರಿಗಿಂತ ಕಡಿಮೆ ಇಳಿಜಾರು ಬೇಡ. ಗಾಳಿ ಹೊಡೆತಕ್ಕೆ ನೀರು ಹಂಚಿನ ಸಂದಿನಲ್ಲಿ ಹಿಂದಕ್ಕೆ ನುಗ್ಗುತ್ತದೆ.

ಬಾಡಿಗೆ ಮನೆಯವರಿಗೆ ಹಲಗೆ, ಮಾಡು ಎಲ್ಲ ದೂರದ ಮಾತು. ಅವರು ಬೆಳಕು, ಬಟ್ಟೆ, ಬಣ್ಣ ಹಿಡಿಯಲಿ. ಟ್ಯೂಬ್‌ಲೈಟ್ ಒಂದನ್ನು ಆರಿಸಿ, ಹಳದಿ ಬೆಳಕನ್ನು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಕೋಣೆಯ ಗುಣ ಬದಲಾಗುತ್ತದೆ.

ಮನೆ ಕಟ್ಟದವರಿಗೂ ಫೋಟೋ ಕೆಲಸಕ್ಕೆ ಬರುತ್ತದೆ. ಚೇಲೆಯ ಅಂಚು, ಕೊಕ್ಕೆತಾತಿ ಎಂಬ ಪದಕದ ಅರ್ಧಚಂದ್ರ, ಬೆತ್ತದ ಹೆಣಿಗೆಯ ಕಣ್ಣುಗಳು, ಗೇಟಿನ ಕಬ್ಬಿಣದ ಸುರುಳಿ, ಇವನ್ನು ಟ್ರೇಸಿಂಗ್ ಪೇಪರಿನಲ್ಲಿ ಎತ್ತಿಕೊಂಡು ಒಂದೇ ಆಕಾರವನ್ನು ಸಾಲಾಗಿ, ತಿರುಗಿಸಿ, ಎದುರುಬದುರಾಗಿ ಜೋಡಿಸಿ ನೋಡಿ. ಕುಶನ್ ಕವರ್, ಮದುವೆ ಕಾಗದ, ಕಾಫಿ ಪೊಟ್ಟಣದ ಲೇಬಲ್, ಜಾಲಂಧ್ರ, ಎಲ್ಲಕ್ಕೂ ಆಗುತ್ತದೆ.

8. ಬಿಡಬೇಕಾದವು

ಕೈಮಡ (ಒಕ್ಕದ ಹಿರಿಯರ ಗುಡಿ), ನೆಲ್ಲಕ್ಕಿ ನಡುಬಾಡೆಯ ತೂಗುದೀಪ, ಗತಿಸಿದ ಹಿರಿಯರಿಗೆ ಮೀದಿ (ಎಡೆ) ಇಡುವ ಜಾಗ, ಇವುಗಳ ಆಕಾರ ಚೆಂದ ಇದೆ ಎಂದು ಹೋಂಸ್ಟೇಯ ಬಾರ್ ಕೌಂಟರಿಗೆ ತರುವವರಿದ್ದಾರೆ. ಬೇಡ. ಕೆಡವಿದ ಐನ್‌ಮನೆಯ ಕಂಬ, ಬಾಗಿಲು ಮಾರಾಟಕ್ಕೆ ಬಂದಾಗಲೂ ಎರಡು ಸಲ ಯೋಚಿಸಿ. ಹಳೇ ಮರಕ್ಕೆ ಬೆಲೆ ಏರಿದಷ್ಟೂ ನಿಂತ ಮನೆ ಕೆಡವುವ ಆಸೆ ಹೆಚ್ಚುತ್ತದೆ. ಹೊಸ ಮರ ಬಳಸುವವರು ತಮ್ಮ ತೋಟದ್ದೇ ಆದರೂ ಬೀಟೆ, ತೇಗ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಬೇಕು.

ಬೇರೆಯವರ ಫೋಟೋವನ್ನು ಹೋಂಸ್ಟೇ ಗೋಡೆಗೋ ಲೇಬಲ್ಲಿಗೋ ಬಳಸುವುದಾದರೆ ಆ ಮನೆಯವರನ್ನು ಕೇಳಿ. ಕಾನೂನಿನ ಲೆಕ್ಕ ಬೇರೆಯೇ ಇದೆ: ನಮ್ಮಲ್ಲಿ 2012ರ ತಿದ್ದುಪಡಿಯವರೆಗೆ ಫೋಟೋ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತಿತ್ತು, ಈಗ ತೆಗೆದವರು ಬದುಕಿರುವವರೆಗೆ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಆರ್ಕೈವ್‌ಗಳಿಗೆ ಅವುಗಳದೇ ಷರತ್ತುಗಳಿವೆ. ಆದರೆ ಯಾರದೋ ಮುತ್ತಜ್ಜಿ ಯಾರದೋ ರೆಸಾರ್ಟಿನ ಶೌಚಾಲಯದ ಬಾಗಿಲಲ್ಲಿ ನಿಲ್ಲುವುದು ಕಾನೂನು ಒಪ್ಪಿದರೂ ಸರಿಯಲ್ಲ.

ನಿಮ್ಮದೇ ಫೋಟೋ ಗೋಡೆಗೆ ಹಾಕುವಾಗ ಮೂಲ ಪ್ರತಿ ಪೆಟ್ಟಿಗೆಯಲ್ಲಿ, ಆಮ್ಲ ಇಲ್ಲದ ಕಾಗದ ಮತ್ತು ಸಿಲಿಕಾ ಜೆಲ್ ಜೊತೆ ಇರಲಿ. ಗೋಡೆಗೆ ಪ್ರಿಂಟ್ ಸಾಕು. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ರಟ್ಟಿನ ಚೌಕ ಹಾಕಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗೋಡೆ ಆರಿಸಿ.

9. ಬಡಗಿಯ ಕೈಗೆ, ಮೇಸ್ತ್ರಿಯ ಕೈಗೆ

ಫೋಟೋ ತೋರಿಸಿ ‘ಇದೇ ಥರ ಮಾಡಿಕೊಡಿ’ ಎಂದರೆ ಅವರು ಫೋಟೋದಲ್ಲಿ ತಮಗೆ ಗೊತ್ತಿರುವುದನ್ನೇ ನೋಡುತ್ತಾರೆ, ಅದು ಸಾಮಾನ್ಯವಾಗಿ ಕೆತ್ತನೆ. ಅದರ ಬದಲು ಎ3 ಪ್ರಿಂಟಿನ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ, ಬೇಕಾದ ಗೆರೆಯನ್ನು ಮಾತ್ರ ದಪ್ಪ ಪೆನ್ನಿನಲ್ಲಿ ಎಳೆಯಿರಿ, ಅಳತೆ ಬರೆಯಿರಿ, ಬೇಡದ್ದಕ್ಕೆ ಗೀಟು ಹಾಕಿ. ಪಕ್ಕದಲ್ಲಿ ನಿಮ್ಮ ಮೂರು ಮಾತು. ಹಲಗೆ ಕೂರಿಸುವ ಮೊದಲು ಇಟ್ಟಿಗೆ ಪೇರಿಸಿ, ಮೇಲೆ ಯಾವುದಾದರೂ ಹಲಗೆ ಇಟ್ಟು, ಮನೆಯ ಹಿರಿಯರನ್ನು ಕೂರಿಸಿ ಎತ್ತರ ನೋಡಿ; ಒಂದಿಂಚು ಹೆಚ್ಚು ಕಡಿಮೆ ಆಗಲೇ ಗೊತ್ತಾಗುತ್ತದೆ.

ಮಾಡಿನ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಸುಣ್ಣ, ಕಾವಿ ನೆಲ, ಮರದ ಪಾಲಿಶ್ ಯಾವುದಕ್ಕೂ ಮಳೆ ಮುಗಿದ ತಕ್ಷಣ ಅವಸರ ಬೇಡ. ಗೋಡೆ ಒಳಗಿನಿಂದ ಆರಲು ತಿಂಗಳುಗಳು ಬೇಕು. ಪುತ್ತರಿ ಕಳೆದ ಮೇಲೆ ಶುರುಮಾಡಿದರೆ ಬಣ್ಣ ನಿಲ್ಲುತ್ತದೆ.